ಆರ್‌ವಿ ಕೊಳ್ಳುವ ಮುಂಚೆ ಸರ್ವಿಸ್ ಕೌಂಟರ್‌ಗೆ ಒಂದು ಫೋನ್ ಮಾಡಿ

ಆರ್‌ವಿ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಪ್ರವಾಸ ಹೋಗುವ ಮನೆಯಂಥ ಗಾಡಿ) ಕೊಳ್ಳಬೇಕು ಅಂತಿರುವ ಅಮೆರಿಕದ ಗೆಳೆಯರಿಗೆ ಒಂದು ಮಾತು. ನಾವಿರುವುದು ಡಲ್ಲಾಸ್ ಹತ್ತಿರ, ನಮ್ಮ ಟ್ರಾವೆಲ್ ಟ್ರೈಲರ್ (ಬೇರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಆರ್‌ವಿ) ತಂದದ್ದು ಸಾವಿರ ಮೈಲಿ ದೂರದ ಇಂಡಿಯಾನಾದಿಂದ. ಅಲ್ಲಿನ ಎಲ್ಕಾರ್ಟ್ ಸುತ್ತಮುತ್ತಲೇ ಹೆಚ್ಚಿನ ಆರ್‌ವಿಗಳು ತಯಾರಾಗುವುದು, ಅದಕ್ಕೇ ಬೆಲೆ ಕಮ್ಮಿ. ಊರಿನ ಡೀಲರ್ ಹೇಳಿದ್ದಕ್ಕಿಂತ 4,000 ಡಾಲರ್ ಉಳಿಯಿತು ಅಂತ ಬೀಗಿದ್ದೇ ಬಂತು!

ಎರಡನೇ ಟ್ರಿಪ್‌ನಲ್ಲೇ ಸ್ಲೈಡ್‌ಔಟ್ (ಗಾಡಿ ನಿಲ್ಲಿಸಿದಾಗ ಹೊರಕ್ಕೆ ಚಾಚಿ ಒಳಗೆ ಜಾಗ ಹೆಚ್ಚಿಸುವ ಭಾಗ) ಅರ್ಧಕ್ಕೆ ನಿಂತಿತು. ರಬ್ಬರ್ ಸೀಲ್ ಮಡಚಿಕೊಂಡು ಮಳೆ ನೀರು ಒಳಗೆ ಬಂದು, ಸೋಫಾ ಕೆಳಗಿನ ನೆಲ ಕಾಲಿಟ್ಟರೆ ನೆನೆದ ರಟ್ಟಿನ ಹಾಗೆ ತಗ್ಗುತ್ತಿತ್ತು. ವಾರಂಟಿ ಇತ್ತು, ಆದರೆ ಬೇರೆ ಕಡೆ ಕೊಂಡ ಗಾಡಿಯನ್ನು ರಿಪೇರಿಗೆ ತೆಗೆದುಕೊಳ್ಳಲೇಬೇಕು ಅಂತ ಸಾಮಾನ್ಯವಾಗಿ ಡೀಲರ್‌ಗೆ ಕಡ್ಡಾಯ ಇರುವುದಿಲ್ಲ. "ಮೊದಲು ನಮ್ಮ ಗಿರಾಕಿಗಳು" ಅಂದರು ಊರಿನ ಡೀಲರ್. 7 ವಾರ ಕಾದೆವು. ಬೇಸಿಗೆ ರಜೆ ಅಲ್ಲಿಗೆ ಮುಗಿಯಿತು.

ಹಾಗಂತ ದೂರದ್ದು ಬೇಡವೇ ಬೇಡ ಅನ್ನುವುದಿಲ್ಲ, 10,000 ಡಾಲರ್ ವ್ಯತ್ಯಾಸ ಇದ್ದರೆ ನಾನೇ ಮತ್ತೆ ಹೋದೇನು. ದುಡ್ಡು ಕಟ್ಟುವ ಮುಂಚೆ ಊರಿನ ಡೀಲರ್‌ನ ಸರ್ವಿಸ್ ಕೌಂಟರ್‌ಗೆ, ಅಂದರೆ ರಿಪೇರಿ ವಿಭಾಗಕ್ಕೆ, ಫೋನ್ ಮಾಡಿ (ಸೇಲ್ಸ್‌ನವರಿಗಲ್ಲ, ಅವರು ಎಲ್ಲಕ್ಕೂ ಹೂಂ ಅಂತಾರೆ), ಹೊರಗಿನ ಗಾಡಿಗೆ ವಾರಂಟಿ ಕೆಲಸ ಮಾಡುತ್ತೀರಾ, ಎಷ್ಟು ದಿನ ಆಗುತ್ತೆ ಅಂತ ಕೇಳಿ. ದೂರದವರ ಬೆಲೆ ತೋರಿಸಿ ಊರಿನವರ ಹತ್ತಿರ ಚೌಕಾಸಿಯೂ ಮಾಡಬಹುದು, ಅಲ್ವಾ?

ಟ್ಯಾಕ್ಸ್ ಉಳಿಯುತ್ತೆ ಅಂತ ಸುಮ್ನೆ ಲೆಕ್ಕ ಹಾಕಬೇಡಿ. ಎಲ್ಲಿ ಕೊಂಡರೂ ಟೆಕ್ಸಾಸ್‌ನಲ್ಲಿ ರಿಜಿಸ್ಟರ್ ಮಾಡುವಾಗ 6.25% ಲೆಕ್ಕಕ್ಕೆ ಬರುತ್ತದೆ, ಬೇರೆ ರಾಜ್ಯದಲ್ಲಿ ಕಟ್ಟಿದ್ದನ್ನು ಕಳೆಯುತ್ತಾರೆ ಅಷ್ಟೆ. ಮತ್ತೆ, ಅಷ್ಟು ದೂರ ಹೋದರೆ ಸಹಿ ಹಾಕುವ ಮುಂಚೆ ಸ್ಲೈಡನ್ನು ಮೂರು ಸಲ ಒಳಗೆ ಹೊರಗೆ ಮಾಡಿಸಿ, ಸೀಲ್ ಮೇಲೆ ಕೈಯಾಡಿಸಿ ನೋಡಿ.