ನೆಟ್‌ವರ್ಕ್ ಆಮೇಲೆ ಅಲ್ಲ, ಇನ್‌ಸ್ಟಾಲರ್‌ನಲ್ಲೇ: ನನ್ನ ಅನುಭವ

"ಮೊದ್ಲು ಓಎಸ್ ಹಾಕ್ಬಿಡಿ, ನೆಟ್‌ವರ್ಕ್ ಆಮೇಲೆ ನೋಡ್ಕೊಂಡ್ರಾಯ್ತು." ಸರ್ವರ್ ಹಾಕಿಕೊಡುವ ಈ ಕೆಲಸಕ್ಕೆ ಬಂದ ದಿನದಿಂದ ಈ ಮಾತು ಕೇಳುತ್ತಲೇ ಇದ್ದೇನೆ. ನಾನೂ ಹಾಗೇ ಮಾಡುತ್ತಿದ್ದೆ. ಈಗ ಬಿಟ್ಟಿದ್ದೇನೆ. ಮೊನ್ನೆ ಆರು ಉಬುಂಟು (ಒಂದು ಲಿನಕ್ಸ್ ಓಎಸ್) ಸರ್ವರ್‌ಗಳಿಗೆ ಸ್ಟ್ಯಾಟಿಕ್ ಐಪಿ (ಬದಲಾಗದ ವಿಳಾಸ), ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ಬಾಗಿಲು), ಡಿಎನ್ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡೋದು), ವಿಲ್ಯಾನ್ (ಒಂದೇ ಕೇಬಲ್ ಮೇಲೆ ಬೇರೆಬೇರೆ ನೆಟ್‌ವರ್ಕ್) ಎಲ್ಲವನ್ನೂ ಇನ್‌ಸ್ಟಾಲ್ ಆಗುವಾಗಲೇ ಹಾಕಿ ಮುಗಿಸಿದೆ. ಮೊದಲ ಬೂಟ್‌ಗೇ ಆರಕ್ಕೆ ಆರೂ ಪಿಂಗ್‌ಗೆ, ಅಂದರೆ 'ಇದ್ದೀಯಾ' ಅಂತ ಕೇಳುವ ಪ್ಯಾಕೆಟ್‌ಗೆ, ಉತ್ತರ ಕೊಟ್ಟವು. "ಅದೆಲ್ಲ ಆಗಲ್ಲ ಬಿಡಿ" ಅಂದವರೇ ಈಗ ನನ್ನ ಯೂಎಸ್‌ಬಿ ಕೇಳುತ್ತಿದ್ದಾರೆ.

'ಆಮೇಲೆ' ಎಷ್ಟು ದುಬಾರಿ ಅಂತ ಹಿಂದಿನ ಕೆಲಸ ಕಲಿಸಿತ್ತು. ಅಲ್ಲಿ ಡಿಎಚ್‌ಸಿಪಿಯಲ್ಲಿ (ವಿಳಾಸ ತಾನೇ ಸಿಗುವ ಹಾಗೆ) ಇನ್‌ಸ್ಟಾಲ್ ಮಾಡಿ ಬಂದೆ. ಮನೆಯಿಂದ ಎಸ್ಎಸ್ಎಚ್ ಮಾಡಿ (ದೂರದಿಂದಲೇ ಲಾಗಿನ್ ಆಗಿ) ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲ್ ತಿದ್ದಿದೆ, ಅಪ್ಲೈ ಕೊಟ್ಟೆ. ಗೇಟ್‌ವೇಯ ಕೊನೆ ಅಂಕಿ ತಪ್ಪು. ಸೆಷನ್ ಅಲ್ಲೇ ಕಲ್ಲಾಯಿತು. 'ನೆಟ್‌ಪ್ಲಾನ್ ಟ್ರೈ' ಕೊಟ್ಟಿದ್ದರೆ 120 ಸೆಕೆಂಡ್ ಕಾದು ತಾನೇ ಹಳೆಯದಕ್ಕೆ ವಾಪಸ್ ಹೋಗುತ್ತಿತ್ತು. ಗೊತ್ತಿದ್ದೂ ಕೊಡಲಿಲ್ಲ, ನನ್ನ ಕೈ ಮೇಲೆ ಅಷ್ಟು ನಂಬಿಕೆ! ಸ್ವಂತ ಖರ್ಚಿನಲ್ಲಿ ಮತ್ತೆ ಹೋಗಿ ಬಂದೆ. ಆ ಕೆಲಸದಲ್ಲಿ ಸಿಕ್ಕಿದ್ದರಲ್ಲಿ ಮೂರರಲ್ಲೊಂದು ಪಾಲು ಓಡಾಟಕ್ಕೇ ಹೋಯಿತು.

ಸರಿ, ಈ ಸಲ ಇನ್‌ಸ್ಟಾಲರ್‌ನಲ್ಲೇ ಮಾಡೋಣ ಅಂತ ಕೂತೆ. ಕೂತ ಹೊತ್ತೆಲ್ಲ ಸೇರಿಸಿದರೆ ಮೊದಲ ಯಂತ್ರಕ್ಕೇ ಸುಮಾರು ನಾಲ್ಕು ಗಂಟೆ ಹಿಡಿಯಿತು.

ಸಬ್‌ನೆಟ್ (ಯಂತ್ರ ಯಾವ ನೆಟ್‌ವರ್ಕ್‌ನಲ್ಲಿದೆ ಅಂತ ಹೇಳುವ) ಬಾಕ್ಸ್‌ನಲ್ಲಿ ಅಭ್ಯಾಸಬಲದಿಂದ 255.255.255.0 ಹೊಡೆದೆ. ಒಪ್ಪಲಿಲ್ಲ. 192.168.20.15/24 ಕೊಟ್ಟೆ. ಅದೂ ಬೇಡ ಅಂತು. ಅಲ್ಲಿ ಬೇಕಿರೋದು ನೆಟ್‌ವರ್ಕ್ ವಿಳಾಸ, ಅಂದರೆ 192.168.20.0/24. ಯಂತ್ರದ ವಿಳಾಸ ಕೆಳಗಿನ ಬಾಕ್ಸ್‌ಗೆ, ಸ್ಲ್ಯಾಶ್ ಇಲ್ಲದೆ. ಇದು ಸಣ್ಣ ವಿಷಯ, ಆದರೆ ರಾತ್ರಿ ಹತ್ತಕ್ಕೆ ಸಣ್ಣದಾಗಿ ಕಾಣಲ್ಲ.

ಆಮೇಲೆ ಪೋರ್ಟ್. ಯಂತ್ರದ ಹಿಂದೆ ಕೇಬಲ್ ಚುಚ್ಚುವ ನಾಲ್ಕು ಪೋರ್ಟ್, ಪರದೆ ಮೇಲೆ ನಾಲ್ಕು ಹೆಸರು. ಡಬ್ಬದ ಮೇಲೆ 1 ಅಂತ ಅಚ್ಚಾಗಿದ್ದ ಪೋರ್ಟ್ ಪರದೆ ಮೇಲಿನ ಮೊದಲ ಹೆಸರೇ ಇರಬೇಕು ಅಂದುಕೊಂಡೆ. ಅಲ್ಲ. ಹೆಲ್ಪ್ ಮೆನುವಿನಿಂದ ಶೆಲ್‌ಗೆ (ಆಜ್ಞೆ ಟೈಪ್ ಮಾಡುವ ಪರದೆ) ಹೋಗಿ ಈಥ್‌ಟೂಲ್ ಆಜ್ಞೆಗೆ 'ಮೈನಸ್ ಪಿ' ಮತ್ತು ಪೋರ್ಟ್‌ನ ಹೆಸರು ಕೊಟ್ಟರೆ ಆ ಪೋರ್ಟ್‌ನ ದೀಪ ಮಿಣುಕುತ್ತದೆ. ಹಿಂದೆ ಹೋಗಿ ನೋಡಿದರೆ ಮುಗೀತು. ನಿಮಗೆ ಗೊತ್ತಿರುತ್ತೆ. ನನಗೆ ಆವತ್ತು ನೆನಪಾಗಿದ್ದು ಕೇಬಲ್ ಹತ್ತು ಸಲ ಕಿತ್ತು ಹಾಕಿದ ಮೇಲೆ.

ಈ ಕಿತ್ತು ಹಾಕೋದೇ ನನ್ನನ್ನು ಮುಳುಗಿಸಿದ್ದು. ಸೆಟ್ಟಿಂಗ್ ಬದಲಿಸುತ್ತೇನೆ, ಕೇಬಲ್ ಕಿತ್ತು ಹಾಕುತ್ತೇನೆ, ಗೇಟ್‌ವೇಗೆ ಪಿಂಗ್ ಮಾಡುತ್ತೇನೆ. ಸದ್ದಿಲ್ಲ. ಸೆಟ್ಟಿಂಗ್ ತಪ್ಪು ಅಂದುಕೊಂಡು ಮತ್ತೆ ಬದಲಿಸುತ್ತೇನೆ, ಮತ್ತೆ ಕೀಳುತ್ತೇನೆ. ಬೋರ್ಡಿನ ಪೋರ್ಟೇ ಕೆಟ್ಟಿದೆ ಅಂತ ಮರುದಿನ ಒಂದು ಹೊಸ ನೆಟ್‌ವರ್ಕ್ ಕಾರ್ಡನ್ನೂ ಕೊಂಡು ತಂದೆ. ಅದು ಇವತ್ತಿಗೂ ಡಬ್ಬದಲ್ಲೇ ಇದೆ, ದಂಡದ ಖರ್ಚು. ನಿಜ ಗೊತ್ತಾಗಿದ್ದು ಒಂದು ಫೋನ್ ಬಂದಿದ್ದರಿಂದ. ಮಾತು ಮುಗಿಸಿ ತಿರುಗಿ ನೋಡಿದರೆ ಪಿಂಗ್ ಓಡುತ್ತಿದೆ! ನಾನು ಏನನ್ನೂ ಮುಟ್ಟಿರಲಿಲ್ಲ. ಕೇಬಲ್‌ಗಳೆಲ್ಲ ಸೇರುವ ಸ್ವಿಚ್‌ನಲ್ಲಿ ಸ್ಪ್ಯಾನಿಂಗ್ ಟ್ರೀ (ಪ್ಯಾಕೆಟ್‌ಗಳು ಸುತ್ತು ಹೊಡೆಯದಂತೆ ತಡೆಯುವ ವ್ಯವಸ್ಥೆ) ಚಾಲೂ ಇತ್ತು. ಲಿಂಕ್ ಬಂದ ಮೇಲೆ 15 ಸೆಕೆಂಡ್ ಕೇಳಿಸಿಕೊಳ್ಳುತ್ತದೆ, 15 ಸೆಕೆಂಡ್ ಕಲಿಯುತ್ತದೆ, ಆಮೇಲೆ ಪ್ಯಾಕೆಟ್ ಬಿಡುತ್ತದೆ. ನಾನು ಇಪ್ಪತ್ತು ಸೆಕೆಂಡಿಗೇ ತಾಳ್ಮೆ ಕಳೆದುಕೊಂಡು ಕೇಬಲ್ ಕೀಳುತ್ತಿದ್ದೆ. ನನ್ನ ಮೊದಲ ಸೆಟ್ಟಿಂಗೇ ಸರಿಯಿತ್ತು ಅಂತ ಈಗ ಅನಿಸುತ್ತದೆ. ಸ್ವಿಚ್ ನೋಡಿಕೊಳ್ಳುವವರಿಗೆ ಹೇಳಿ ಆ ಆರು ಪೋರ್ಟ್‌ಗಳಿಗೆ ಈ ಕಾಯುವಿಕೆ ಬಿಡಿಸುವ ಪೋರ್ಟ್‌ಫಾಸ್ಟ್ ಹಾಕಿಸಿದೆ. ಎರಡು ನಿಮಿಷದ ಕೆಲಸ.

ಇದೇ ಕಾಟ ಡೆಬಿಯನ್‌ನಲ್ಲೂ (ಇನ್ನೊಂದು ಲಿನಕ್ಸ್) ಇದೆಯಾ ಅಂತ ಸುಮ್ನೆ ಒಂದು ಹಳೇ ಡಬ್ಬದಲ್ಲಿ ನೋಡಿದೆ. ಇದೆ, ಇನ್ನೂ ಜಾಸ್ತಿ. ಅದರ ಇನ್‌ಸ್ಟಾಲರ್ ಲಿಂಕ್‌ಗೆ ಕಾಯೋದೇ 3 ಸೆಕೆಂಡ್. ಬೂಟ್ ಸಾಲಿನಲ್ಲಿ ಆ ಸಮಯ ಹೆಚ್ಚಿಸಬಹುದು, ಆಟೋ ಕಾನ್ಫಿಗ್ ಆಫ್ ಮಾಡಿದರೆ ನೇರವಾಗಿ ಐಪಿ ಕೇಳುತ್ತದೆ. ಪ್ರಿಸೀಡ್ ಫೈಲನ್ನು (ಇನ್‌ಸ್ಟಾಲರ್‌ನ ಪ್ರಶ್ನೆಗಳಿಗೆ ಮೊದಲೇ ಬರೆದಿಟ್ಟ ಉತ್ತರಗಳು) ನೆಟ್‌ವರ್ಕ್‌ನಿಂದ ಎಳೆಯುವ ಹಾಗಿದ್ದರೆ ಮಾತ್ರ ಐಪಿಯನ್ನು ಅದರೊಳಗೆ ಬರೆದು ಪ್ರಯೋಜನವಿಲ್ಲ. ಅದು ಕೈಗೆ ಸಿಗೋ ಹೊತ್ತಿಗೆ ನೆಟ್‌ವರ್ಕ್ ಬಂದಾಗಿರುತ್ತದೆ ಅಲ್ವಾ? ಅರ್ಧ ದಿನ ಇದರಲ್ಲೇ ಕಳೆದೆ.

ವಿಲ್ಯಾನ್ ವಿಷಯ ಬೇಗ ಮುಗಿಸುತ್ತೇನೆ. ಉಬುಂಟು ಇನ್‌ಸ್ಟಾಲರ್‌ನಲ್ಲಿ ಪೋರ್ಟ್ ಮೇಲೆ ಎಂಟರ್ ಒತ್ತಿದರೆ ವಿಲ್ಯಾನ್ ಟ್ಯಾಗ್ (ಅದರ ಸಂಖ್ಯೆ) ಸೇರಿಸುವ ಆಯ್ಕೆ ಇದೆ. ಟ್ಯಾಗ್‌ಗೆ ಐಪಿ ಕೊಟ್ಟ ಮೇಲೆ ಮೂಲ ಪೋರ್ಟ್‌ನ ಐಪಿವಿ4 ಅನ್ನು ಡಿಸೇಬಲ್ ಮಾಡಿ. ನಾನು ಎರಡಕ್ಕೂ ಗೇಟ್‌ವೇ ಕೊಟ್ಟು ಎರಡು ಡಿಫಾಲ್ಟ್ ರೂಟ್ (ಹೊರಗೆ ಹೋಗುವ ದಾರಿ) ಮಾಡಿಕೊಂಡೆ. ಪ್ಯಾಕೆಟ್ ಒಂದು ಬಾಗಿಲಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತಿತ್ತು.

ಎರಡನೇ ಯಂತ್ರದಿಂದ ಕೈಯಲ್ಲಿ ಟೈಪ್ ಮಾಡೋದು ನಿಲ್ಲಿಸಿದೆ. ಇನ್ನೊಂದು ಸಣ್ಣ ಯೂಎಸ್‌ಬಿಗೆ 'ಸಿಐಡೇಟಾ' ಅಂತ ಲೇಬಲ್ ಕೊಟ್ಟು, ಅದರಲ್ಲಿ ಇನ್‌ಸ್ಟಾಲರ್‌ಗೆ ಬೇಕಾದ ಉತ್ತರಗಳಿರುವ ಯೂಸರ್-ಡೇಟಾ, ಜೊತೆಗೆ ಮೆಟಾ-ಡೇಟಾ, ಎರಡು ಫೈಲ್ ಇಟ್ಟೆ. ಎರಡನೆಯದು ಖಾಲಿ ಇದ್ದರೂ ಇರಲೇಬೇಕು. ನಾನು ಬಿಟ್ಟಿದ್ದೆ, ಇನ್‌ಸ್ಟಾಲರ್ ಆ ಯೂಎಸ್‌ಬಿ ಕಡೆ ತಿರುಗಿಯೂ ನೋಡಲಿಲ್ಲ. ಯೂಸರ್-ಡೇಟಾದಲ್ಲಿ ಪೋರ್ಟನ್ನು ಹೆಸರಿನಿಂದ ಹಿಡಿಯದೆ ಮ್ಯಾಕ್ ವಿಳಾಸದಿಂದ (ಪ್ರತಿ ಪೋರ್ಟ್‌ಗೂ ಇರುವ ಅದರದೇ ಗುರುತಿನ ಸಂಖ್ಯೆ) ಹಿಡಿದೆ. ಇನ್ನೊಂದು ಮುಖ್ಯ ಸಾಲು, 'ಇಂಟರ್ಯಾಕ್ಟಿವ್ ಸೆಕ್ಷನ್ಸ್' ಕೆಳಗೆ ನೆಟ್‌ವರ್ಕ್. ಉಳಿದ ಪರದೆಗಳು ತಾವೇ ದಾಟುತ್ತವೆ. ನೆಟ್‌ವರ್ಕ್ ಪರದೆ ಮಾತ್ರ ನನ್ನ ಅಂಕಿಗಳನ್ನು ತುಂಬಿಕೊಂಡು ನಿಲ್ಲುತ್ತದೆ. ನೋಡಿ ಡನ್ ಒತ್ತಿದರೆ ಆಯಿತು. ಕರ್ನಲ್ ಸಾಲಿನಲ್ಲಿ (ಬೂಟ್ ಆಗುವಾಗ ಕೊಡುವ ಆಯ್ಕೆಗಳ ಸಾಲು) 'ಆಟೋಇನ್‌ಸ್ಟಾಲ್' ಪದ ಸೇರಿಸಬೇಡಿ. ಸೇರಿಸದಿದ್ದರೆ ಡಿಸ್ಕ್ ಮುಟ್ಟುವ ಮೊದಲು ಒಪ್ಪಿಗೆ ಕೇಳುತ್ತದೆ.

ಆರು ಯಂತ್ರದ ಮ್ಯಾಕ್‌ಗಳನ್ನೂ ಒಂದೇ ಫೈಲಿನಲ್ಲಿಟ್ಟು, ಯಾವ ಡಬ್ಬಕ್ಕೆ ಹಾಕಿದರೂ ಅದರದೇ ಐಪಿ ಬರುವ ಹಾಗೆ ಮಾಡಿದ್ದು ಹೇಗೆ ಅಂತ ತುಂಬಾ ಜನ ಕೇಳಿದರು. ಅದು ನನ್ನ ಹೊಟ್ಟೆಪಾಡು, ಸದ್ಯಕ್ಕೆ ಹೇಳಲ್ಲ. ಮೊದಲನೆಯದಕ್ಕೆ ನಾಲ್ಕು ಗಂಟೆ ಹಿಡಿದಿತ್ತು. ಉಳಿದವು ತಲಾ ಇಪ್ಪತ್ತು ನಿಮಿಷದ ಒಳಗೆ ಮುಗಿದವು.

ಆ ಪರದೆ ನಿಲ್ಲಿಸೋದು ಯಾಕೆ, ಪೂರ್ತಿ ಆಟೋಮ್ಯಾಟಿಕ್ ಮಾಡಬಾರದಾ ಅಂತ ಒಬ್ಬರು ನಕ್ಕರು. ಆರನೇ ಯಂತ್ರಕ್ಕೆ ಬಂದಾಗ ಪರದೆ ಮೇಲೆ ಪೋರ್ಟ್‌ಗಳೆಲ್ಲ ವಿಳಾಸವಿಲ್ಲದೆ ಖಾಲಿ ಕೂತಿದ್ದವು. ಯಾರೋ ಹಿಂದಿನ ವಾರ ಮದರ್‌ಬೋರ್ಡ್ ಬದಲಿಸಿದ್ದರಂತೆ, ಮ್ಯಾಕ್‌ಗಳೂ ಬದಲಾಗಿದ್ದವು. ಅಲ್ಲೇ ಎಡಿಟ್ ಒತ್ತಿ ಕೈಯಲ್ಲಿ ತುಂಬಿದೆ, ಸಬ್‌ನೆಟ್ ಬಾಕ್ಸ್‌ಗೆ ಈ ಸಲ ಸರಿಯಾಗಿ ಸೊನ್ನೆ ಹಾಕಿ.