ಹ್ಯೂಸ್ಟನ್ ಹಿತ್ತಲಲ್ಲಿ ಹಮ್ಮಿಂಗ್‌ಬರ್ಡ್‌ಗೆ ಸಕ್ಕರೆ ನೀರು

ಹೂವಿನ ಮಕರಂದ ಹೀರುವ ಪುಟ್ಟ ಹಕ್ಕಿ ಹಮ್ಮಿಂಗ್‌ಬರ್ಡ್. ಅದಕ್ಕೆ ಬಿಳಿ ಸಕ್ಕರೆ ಒಂದು ಅಳತೆ, ನೀರು ನಾಲ್ಕು ಅಳತೆ. ಬಿಸಿ ನೀರಲ್ಲಿ ಕರಗಿಸಿ, ಪೂರ್ತಿ ಆರಿದ ಮೇಲೆ ಫೀಡರಿಗೆ, ಅಂದರೆ ಹಕ್ಕಿ ಬಂದು ಹೀರುವ ತೂಗುಪಾತ್ರೆಗೆ, ತುಂಬುತ್ತೇನೆ. ಬೆಲ್ಲ ಹಾಕಬಾರದೇ ಎಂದು ನಮ್ಮವರು ಕೇಳುವುದುಂಟು. ಬೇಡ. ಬೆಲ್ಲದಲ್ಲೂ ಕಂದು ಸಕ್ಕರೆಯಲ್ಲೂ ಇರುವ ಕಬ್ಬಿಣದಂಶ ಈ ಹಕ್ಕಿಗೆ ಒಳ್ಳೆಯದಲ್ಲ. ಜೇನು ಬೆರೆಸಿದರೆ ಬೂಸ್ಟು ಬೇಗ ಹಿಡಿಯುತ್ತದೆ. ನೀರಿಗೆ ಕೆಂಪು ಬಣ್ಣವೂ ಬೇಕಿಲ್ಲ, ಫೀಡರಿನ ತಳ ಕೆಂಪಗಿದ್ದರೆ ಸಾಕು.

ಹೆಚ್ಚಿನವರು ಸೋಲುವುದು ತೊಳೆಯುವುದರಲ್ಲಿ. ಇಲ್ಲಿಯ ಬೇಸಿಗೆಯಲ್ಲಿ ಎರಡು ದಿನಕ್ಕೇ ನೀರು ಮಸುಕಾಗುತ್ತದೆ. ಆಗ ಹಕ್ಕಿ ಕುಡಿದಿರಲಿ ಬಿಡಲಿ, ಚೆಲ್ಲಿಬಿಡಬೇಕು. ತಂಪು ದಿನಗಳಲ್ಲಿ ನಾಲ್ಕು ದಿನ ತಾಳುತ್ತದೆ. ಬಿಸಿ ನೀರು, ಸ್ವಲ್ಪ ವಿನೆಗರ್, ಸಣ್ಣ ಬ್ರಷ್ ಇಷ್ಟರಲ್ಲಿ ಕೆಲಸ ಮುಗಿಯುತ್ತದೆ. ಕಪ್ಪು ಬೂಸ್ಟು ಅಡಗುವುದು ಹೀರುವ ತೂತುಗಳ ಒಳಬದಿಯಲ್ಲಿ, ಅದಕ್ಕೇ ಬಿಚ್ಚಲು ಬರುವ ತಟ್ಟೆಯಾಕಾರದ ಫೀಡರ್ ಒಳ್ಳೆಯದು. ಅದರಲ್ಲಿ ನೀರು ತೂತಿಗಿಂತ ಕೆಳಗಿರುವುದರಿಂದ ಜೇನುನೊಣಗಳ ಕಾಟವೂ ಕಮ್ಮಿ. ಇರುವೆಗೆ ನಮ್ಮ ಅಡುಗೆಮನೆಯ ಹಳೇ ಉಪಾಯವೇ ಸಾಕು: ಕೊಕ್ಕೆಗೂ ಫೀಡರಿಗೂ ನಡುವೆ ನೀರು ತುಂಬಿದ ಬಟ್ಟಲು. ತಂತಿಗೆ ಎಣ್ಣೆ ಸವರಬೇಡಿ, ರೆಕ್ಕೆಗೆ ಅಂಟಿದರೆ ಹಕ್ಕಿಗೇ ಅಪಾಯ.

ಮೊದಲ ಫೀಡರ್ ಮಾರ್ಚ್ ಆರಂಭದಲ್ಲಿ ತೂಗುಹಾಕುತ್ತೇನೆ. ಕೆಂಪು ಕೊರಳಿನ ರೂಬಿ-ಥ್ರೋಟೆಡ್ ಗಂಡುಗಳು ಮೆಕ್ಸಿಕೊ, ಮಧ್ಯ ಅಮೆರಿಕದಿಂದ ಮೊದಲು ಬರುತ್ತವೆ, ಹೆಣ್ಣುಗಳು ಆಮೇಲೆ. ಬಹುಪಾಲು ಇಲ್ಲಿ ನಿಲ್ಲದೆ ಉತ್ತರಕ್ಕೆ ಹೋಗುತ್ತವೆ. ನಿಜವಾದ ಸಂತೆ ಅವು ದಕ್ಷಿಣಕ್ಕೆ ಮರಳುವ ಸೆಪ್ಟೆಂಬರಿನಲ್ಲಿ. ಮೂರು ಗ್ರಾಂ ತೂಗುವ ಹಕ್ಕಿ ಕೊಬ್ಬು ಕೂಡಿಸಿಕೊಂಡು ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಕೆಲವು ಮೆಕ್ಸಿಕೊ ಕೊಲ್ಲಿಯ ಸುಮಾರು 800 ಕಿ.ಮೀ. ನೀರನ್ನು ಎಲ್ಲೂ ಇಳಿಯದೆ ದಾಟುತ್ತವೆ, ಕೆಲವು ಟೆಕ್ಸಸ್ ಕರಾವಳಿ ಹಿಡಿದು ದಕ್ಷಿಣಕ್ಕಿಳಿಯುತ್ತವೆ. ಆ ತಿಂಗಳು ಒಂದೇ ಫೀಡರ್ ಇಟ್ಟರೆ ಒಂದು ಪುಂಡ ಹಕ್ಕಿ ಅದನ್ನು ಕಾವಲು ಕಾದು ಉಳಿದವನ್ನು ಅಟ್ಟುತ್ತದೆ. ಮನೆಯ ಮೂರು ಮೂಲೆಗಳಲ್ಲಿ, ಒಂದರಿಂದ ಇನ್ನೊಂದು ಕಾಣದಂತೆ ಹಂಚಿ. ಕಿಟಕಿಗೆ ಒಂದು ಮೀಟರಿನೊಳಗೆ ಇಡಿ, ಇಲ್ಲವೇ ಮೂರು ಮೀಟರಿನಾಚೆ; ನಡುವಿನ ದೂರದಿಂದ ವೇಗವಾಗಿ ಬಂದು ಗಾಜಿಗೆ ಬಡಿಯುತ್ತವೆ.

ಫೀಡರಿನ ಜೊತೆಗೆ ಟರ್ಕ್ಸ್ ಕ್ಯಾಪ್ ಗಿಡವೂ ಇರಲಿ. ನಮ್ಮೂರ ಬೇಲಿಗಳಲ್ಲಿ ಅರಳದೆ ಸುರುಳಿಯಾಗಿಯೇ ಉಳಿಯುವ ದಾಸವಾಳವಿದೆಯಲ್ಲ, ಅದರ ನಂಟಸ್ತಿಕೆಯದು. ನೆರಳಲ್ಲೂ ಹೂ ಬಿಡುತ್ತದೆ. (ಊರಲ್ಲಿ ಆ ಹೂವಿಗೆ ಬರುವುದು ಸೂರಕ್ಕಿ. ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳಾಚೆ ಇಲ್ಲ.)

ಫೀಡರನ್ನು ತೆಗೆಯದೆ ಹಾಗೇ ಬಿಟ್ಟರೆ ಹಕ್ಕಿ ವಲಸೆ ಮರೆತು ಉಳಿಯುತ್ತದೆ ಎಂಬುದು ಸುಳ್ಳು. ಹಗಲು ಕುಗ್ಗುವುದೇ ಅದಕ್ಕೆ ಹೊರಡುವ ಸೂಚನೆ. ಅದಕ್ಕೇ ಒಂದು ಫೀಡರನ್ನು ಚಳಿಗಾಲದಲ್ಲೂ ತೆಗೆಯುವುದಿಲ್ಲ. ನವೆಂಬರ್ ಕೊನೆಯಲ್ಲಿ ಪಕ್ಕೆ, ಬಾಲದ ಬುಡ ಇಟ್ಟಿಗೆ ಬಣ್ಣವಿರುವ ಹಕ್ಕಿ ಕಂಡರೆ ಬಹುಮಟ್ಟಿಗೆ ಅದು ರೂಫಸ್. ಅಲಾಸ್ಕದವರೆಗೂ ಗೂಡುಕಟ್ಟುವ ಈ ಜಾತಿಯ ಕೆಲವು ಕೊಲ್ಲಿಯ ದಡದಲ್ಲಿ ಚಳಿಗಾಲ ಕಳೆಯುತ್ತವೆ. ನೀರು ಹೆಪ್ಪುಗಟ್ಟುವ ರಾತ್ರಿ ಫೀಡರನ್ನು ಒಳಗಿಟ್ಟು, ಬೆಳಕು ಹರಿಯುವ ಮುಂಚೆ ಮತ್ತೆ ತೂಗುಹಾಕಬೇಕು. ಮೈ ತಣ್ಣಗಾಗಿಸಿಕೊಂಡು ರಾತ್ರಿ ಕಳೆದ ಹಕ್ಕಿ ಎದ್ದ ಕೂಡಲೇ ಅಲ್ಲಿಗೇ ಬರುತ್ತದೆ.