ಪ್ಲಗ್ ಬಿಚ್ಚಬೇಕಾದರೆ ಮೊದಲು ಬಿಗಿ ಮಾಡುತ್ತೇನೆ

ಹಳೇ ಡೀಸೆಲ್ ಟ್ಯಾಂಕಿನ ತಳದಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡ ಡ್ರೇನ್ ಪ್ಲಗ್ ಬಿಚ್ಚಲು ಹೋಗಿ ಒಮ್ಮೆ ಟ್ಯಾಂಕನ್ನೇ ಹರಿದಿದ್ದೇನೆ. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಮೈಭಾರವೆಲ್ಲ ಬಿಟ್ಟೆ. ತಿರುಗಿತು ಅಂತ ಖುಷಿಪಟ್ಟರೆ, ತಿರುಗಿದ್ದು ಪ್ಲಗ್ಗಲ್ಲ, ಅದು ಕೂತಿದ್ದ ಬುಷ್, ಅಂದರೆ ಟ್ಯಾಂಕಿಗೆ ವೆಲ್ಡ್ ಮಾಡಿದ ಥ್ರೆಡ್ಡಿನ ಬಳೆ. ಸುತ್ತಲಿನ ತಗಡು ಸುಕ್ಕುಗಟ್ಟಿ, ವೆಲ್ಡಿಂಗ್ ಅಂಚಿನಲ್ಲಿ ಬಾಯಿ ಬಿಟ್ಟಿತ್ತು.

ಈಗ ಬುಷ್ಷನ್ನು ಪೈಪ್ ರೆಂಚಿನಿಂದ ಹಿಡಿದುಕೊಳ್ಳದೆ ಪ್ಲಗ್ಗಿಗೆ ಕೈ ಹಚ್ಚುವುದಿಲ್ಲ. ಹಿಡಿಯಲು ಬುಷ್ ಹೊರಗೆ ಚಾಚಿಲ್ಲವೆಂದರೆ ಉದ್ದ ಪೈಪಿನ ಆಸೆಯನ್ನೂ ಬಿಡುತ್ತೇನೆ.

ಮೊದಲು ವೈರ್ ಬ್ರಷ್ಷಿನಿಂದ ಉಜ್ಜಿ, ಸಂದಿಯಲ್ಲಿ ಕೂತ ಬಣ್ಣವನ್ನು ಚಾಕುವಿನ ತುದಿಯಿಂದ ಕೆರೆಯುತ್ತೇನೆ. ಬಣ್ಣ ಇದ್ದರೆ ಎಣ್ಣೆ ಒಳಗಿಳಿಯುವುದೇ ಇಲ್ಲ. ನಾನು ಬಳಸುವುದು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್ ಎಣ್ಣೆ ಮತ್ತು ಅಸಿಟೋನ್, ಸಮಪಾಲು. ಎರಡೂ ಬೇಗ ಬೇರೆಯಾಗುತ್ತವೆ, ಪ್ರತಿಸಲ ಕುಲುಕಬೇಕು. ಸಂಜೆ ಹಾಕಿ, ಪ್ಲಗ್ ತಲೆಯ ಮೇಲೆ ನೇರವಾಗಿ ಟಕ್ ಟಕ್ ಅಂತ ಇಪ್ಪತ್ತು ಸಣ್ಣ ಪೆಟ್ಟು ಕೊಟ್ಟು, ಮತ್ತೆ ಎಣ್ಣೆ ಬಿಟ್ಟು ಮಲಗುತ್ತೇನೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಅದಕ್ಕೇ ಥ್ರೆಡ್ಡಿನ ಸಂದಿಯನ್ನೆಲ್ಲ ಅದು ತುಂಬಿಕೊಂಡಿರುತ್ತದೆ. ಪೆಟ್ಟಿಗೆ ಆ ಪದರ ಬಿರುಕು ಬಿಟ್ಟರೆ ಎಣ್ಣೆಗೆ ದಾರಿಯಾಯಿತು.

ಬೆಳಿಗ್ಗೆ ಆರು ಮೂಲೆಯ ಸಾಕೆಟ್ ಕೂರಿಸಿ ಕೂದಲೆಳೆಯಷ್ಟು ಬಿಗಿ ಮಾಡುತ್ತೇನೆ. ಆಮೇಲೆ ಉಲ್ಟಾ. ಕಿರ್ ಅನ್ನುವ ಸಣ್ಣ ಸದ್ದು, ಜೊತೆಗೆ ಥ್ರೆಡ್ಡಿನಿಂದ ಕಂದು ರಸ ಜಿನುಗಿದರೆ ಕೆಲಸ ಗೆದ್ದಂತೆ. ಆದರೆ ಒಂದೇ ಏಟಿಗೆ ತಿರುಗಿಸಿಬಿಟ್ಟರೆ ಉದುರಿದ ತುಕ್ಕಿನ ಪುಡಿಯೇ ಮುಂದೆ ಸಿಕ್ಕಿ ಮತ್ತೆ ಕಚ್ಚುತ್ತದೆ. ಕಾಲು ಸುತ್ತು ಬಿಚ್ಚುವ ಕಡೆ, ಅದರ ಅರ್ಧದಷ್ಟು ಬಿಗಿಯುವ ಕಡೆ, ನಡುನಡುವೆ ಎಣ್ಣೆ. ಬೇಸರದ ಕೆಲಸ, ನಿಜ.

ಬೆಂಕಿಯ ಮಾತು. ಪೆಟ್ರೋಲ್, ಡೀಸೆಲ್ ಕಂಡ ಟ್ಯಾಂಕಿಗೆ ಗ್ಯಾಸ್ ಟಾರ್ಚಿನ ಬೆಂಕಿ ಹಿಡಿಯುವುದೇ ಇಲ್ಲ. ಖಾಲಿ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯ. ಒಳಗಿನ ಆವಿ ಗಾಳಿಯೊಡನೆ ಬೆರೆತಿರುತ್ತದೆ. ನೀರಿನ ಟ್ಯಾಂಕಾದರೆ ಸರಿ, ಇನ್ನೊಂದು ಬಾಯಿ ತೆರೆದಿಟ್ಟು, ಅಸಿಟೋನ್ ಎಣ್ಣೆ ಹಚ್ಚುವ ಮೊದಲೇ ಬುಷ್ ಕಾಯಿಸುತ್ತೇನೆ, ಪ್ಲಗ್ಗನ್ನಲ್ಲ. ಬಿಸಿಯಿದ್ದಾಗ ಸಂದಿಗೆ ಮೇಣದಬತ್ತಿ ತಾಗಿಸಿದರೆ ಮೇಣ ಕರಗಿ ತಾನಾಗಿಯೇ ಒಳಗೆ ಎಳೆದುಕೊಳ್ಳುತ್ತದೆ. ಹಿತ್ತಾಳೆ ಪ್ಲಗ್ಗಿನಲ್ಲಿ ನಾನು ಬಹಳ ದಿನ ಎಡವಿದೆ. ಹಿತ್ತಾಳೆ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ, ಹಾಗಾಗಿ ಬಿಸಿಯಲ್ಲಿ ಇನ್ನಷ್ಟು ಬಿಗಿ. ಪೂರ್ತಿ ಆರಿದ ಮೇಲೆ ತಿರುಗಿಸಿದರೆ ಬರುತ್ತದೆ. ಸತುವಿನ ಲೇಪವಿದ್ದರೆ ಕಾಯಿಸುವುದು ಬೇಡ, ಆ ಹೊಗೆ ಜ್ವರ ಬರಿಸುತ್ತದೆ.

ಏನೂ ಆಗದಿದ್ದರೆ, ಅದೂ ನೀರಿನ ಟ್ಯಾಂಕಿನಲ್ಲಿ ಮಾತ್ರ, ಪ್ಲಗ್ಗಿನ ನಡುವೆ ರಂಧ್ರ ಕೊರೆದು, ಹ್ಯಾಕ್ಸಾ ಬ್ಲೇಡಿನಿಂದ ಒಳಗಿಂದ ಎರಡು ಸೀಳು ಹಾಕಿ, ಬುಷ್ಷಿನ ಥ್ರೆಡ್ ಮುಟ್ಟುವ ಮುನ್ನ ನಿಲ್ಲಿಸುತ್ತೇನೆ. ನಡುವಿನ ತುಂಡನ್ನು ಉಳಿಯಿಂದ ಒಳಕ್ಕೆ ಬಗ್ಗಿಸಿದರೆ ಉಳಿದದ್ದು ಸಡಿಲ.

ಹೊಸ ಪ್ಲಗ್ ತರುವಾಗ ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಿ. ಪೈಪ್ ಥ್ರೆಡ್ಡಿನಲ್ಲಿ ಬ್ರಿಟಿಷ್ ಪದ್ಧತಿಯ ಬಿಎಸ್‌ಪಿ, ಅಮೆರಿಕದ ಎನ್‌ಪಿಟಿ ಅಂತ ಎರಡು ಬಗೆ. ಅರ್ಧ ಇಂಚಿನದಾದರೆ ಎರಡಕ್ಕೂ ಇಂಚಿಗೆ 14 ಥ್ರೆಡ್ಡೇ. ಆದರೆ ಒಂದರ ಕೋನ 55 ಡಿಗ್ರಿ, ಇನ್ನೊಂದರದು 60. ತಪ್ಪು ಪ್ಲಗ್ಗೂ ಎರಡು ಮೂರು ಸುತ್ತು ಸಲೀಸಾಗಿ ಹೋಗಿ ನಂಬಿಸಿಬಿಡುತ್ತದೆ. ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ಮರುದಿನ ಕೆಳಗೆ ಹನಿ ಬಿದ್ದಿರುತ್ತದೆ.